ಹಕ್ಕಿ ಓಡಿಸುವವನ ಮಾಳಿಗೆ

ನಾಸಿಕದ ಹೊರಗಿರುವ ನಮ್ಮ ಪುಟ್ಟ ವಿಮಾನ ನಿಲ್ದಾಣಕ್ಕೆ ದಿನಕ್ಕೆ ಬರುವ ವಿಮಾನಗಳು ಬೆರಳೆಣಿಕೆಯಷ್ಟು. ಹಕ್ಕಿಗಳಿಗೆ ಮಾತ್ರ ಬರವಿಲ್ಲ. ಒಂದು ಹಕ್ಕಿ ಎಂಜಿನ್ನಿಗೆ ಸಿಕ್ಕರೂ ಅನಾಹುತ. ಅದಕ್ಕೇ ರನ್‌ವೇ ಬದಿಯಲ್ಲಿ ಪಟಾಕಿ ಹೊಡೆದು ಅವನ್ನು ಓಡಿಸಲು ಸಂಗಮನಾಥನಿದ್ದಾನೆ. ಬಾಗಲಕೋಟೆ ಕಡೆಯವನು, ಹನ್ನೊಂದು ವರ್ಷದಿಂದ ನಮ್ಮ ಪಕ್ಕದ ಮನೆಯವನು. ಊರಲ್ಲಿ ಜೋಳದ ಹೊಲ ಕಾದವನು ಇಲ್ಲಿ ವಿಮಾನ ಕಾಯುತ್ತಾನೆ ಎಂದು ನಾನು ಕಾಲೆಳೆದರೆ ನಗುತ್ತಾನೆ, ಅಷ್ಟೇ. ಇಂಥ ಸಾಧು ಮನುಷ್ಯನ ಕೈಗೆ ಪಟಾಕಿ ಕೊಟ್ಟ ಪುಣ್ಯಾತ್ಮ ಯಾರೋ!

ಕಳೆದ ಚಳಿಗಾಲದಲ್ಲಿ ಪಾರಿವಾಳಗಳು ವಿಪರೀತವಾದವು. ತಿಂಗಳೊಳಗೆ ಕಡಿಮೆಯಾಗದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಮೇಲ್ವಿಚಾರಕ ಓಂಕಾರ ಹೇಳಿಬಿಟ್ಟ. ಐವತ್ತು ದಾಟಿದವನಿಗೆ ಇನ್ನಾರು ಕೆಲಸ ಕೊಡುತ್ತಾರೆ? ಸಂಗಮನಾಥನಿಗೆ ಊಟ ಸೇರದಾಯಿತು. ಹುಲ್ಲು ಕೊಯ್ಯಿಸಿದ, ನೀರು ನಿಂತ ಗುಂಡಿ ಮುಚ್ಚಿದ. ಪಾರಿವಾಳಗಳು ಕ್ಯಾರೇ ಅನ್ನಲಿಲ್ಲ. ಕೊನೆಗೆ, ಪಟಾಕಿಗೆ ಎದ್ದ ಹಿಂಡು ಎತ್ತ ಹೋಗುತ್ತದೆಂದು ನೋಡುತ್ತ ನಿಂತ. ಅದು ಕಾಂಪೌಂಡ್ ದಾಟಿ ನಮ್ಮ ಓಣಿಗೆ ಬಂದು ಅವನದೇ ಮಾಳಿಗೆಯ ಮೇಲೆ ಇಳಿಯಿತು. ದೀಪದ ಬುಡದಲ್ಲೇ ಕತ್ತಲೆ!

ಅವನು ಏದುಸಿರು ಬಿಡುತ್ತ ಬಂದಾಗ ಹೆಂಡತಿ ಸುಭದ್ರಾ ಮಾಳಿಗೆಯಲ್ಲಿ ಸಜ್ಜೆ ಚೆಲ್ಲುತ್ತಿದ್ದಳು. ನಾನು ಪಕ್ಕದ ನಮ್ಮ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅವಳು ಕಾಳು ಹಾಕುವುದನ್ನು ದಿನಾ ನೋಡುತ್ತಿದ್ದರೂ ನನ್ನ ಮಂಡೆಗೂ ಹೊಳೆದಿರಲಿಲ್ಲ.

“ಏನ ಮಾಡಾಕತ್ತೀಯ ಇದು? ನನ್ನ ನೌಕರಿ ಹೊಂಟೈತಿ!” ಎಂದು ಕೂಗಿದ.

ಅವಳ ಕೈಯಿಂದ ಮೊರ ಜಾರಿತು. “ಹಸದ ಬಂದ ಹಕ್ಕಿ ಓಡಸೂದು ನಿಮ್ಮ ಕೆಲಸ. ಆ ಪಾಪ ನಿಮಗ ಹತ್ತಬಾರದು ಅಂತ ದಿನಾ ಒಂದ ಬೊಗಸಿ ಹಾಕ್ತೇನ್ರಿ. ಇದರಿಂದನ ಬರಾಕತ್ತಾವು ಅಂತ ನನಗೇನ ಗೊತ್ತರಿ?”

ಅವನು ಕುಕ್ಕುರುಗಾಲಲ್ಲಿ ಕೂತು ಅವಳ ಜೊತೆ ಕಾಳು ಬಳಿಯತೊಡಗಿದ. ನನಗೆ ಕಣ್ಣು ತುಂಬಿ ಬಂತು.

ಕಾಳು ನಿಂತ ಮೇಲೆ ಪಾರಿವಾಳ ಕಡಿಮೆಯಾದವು, ಕೆಲಸವೂ ಉಳಿಯಿತು. ಆದರೆ ಸುಭದ್ರಾ ಮಂಕಾದಳು. ಗಂಡನಿಗೆ ಒಂದು ಕೆಮ್ಮು ಬಂದರೂ ಹಕ್ಕಿಯ ಶಾಪವೆಂದು ಹೆದರುತ್ತಿದ್ದಳು. ಅದಕ್ಕೆ ಅವನೇ ದಾರಿ ಹುಡುಕಿದ. ವಾರದ ರಜೆಯ ದಿನ ಸಜ್ಜೆ ಕಟ್ಟಿಕೊಂಡು, ಸ್ಕೂಟರಿನಲ್ಲಿ ಅವಳನ್ನು ವಿಮಾನ ನಿಲ್ದಾಣದಿಂದ ದೂರ, ನಿಫಾಡ್ ಊರಿನಾಚೆಯ ಗೋದಾವರಿ ದಂಡೆಗೆ ಕರೆದೊಯ್ಯತೊಡಗಿದ.

ಒಮ್ಮೆ ನಾನೂ ಹಿಂದೆಯೇ ಹೋದೆ. “ಈ ಸಲ ನೀವ ಹಾಕ್ರಿ” ಎಂದಳು ಸುಭದ್ರಾ. ಅವನು ಹಾಕಿದ. ಒಂದು ಹಕ್ಕಿಯೂ ಇಳಿಯಲಿಲ್ಲ. “ನನ್ನ ಗುರುತ ಹಿಡದಾವೇನ?” ಎಂದು ಅವನು ಪೆಚ್ಚಾಗಿ ಹೊರಟಾಗ ಅವಳು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಬಹಳ ಹೊತ್ತಾದ ಮೇಲೆ ಒಂದು ಗುಬ್ಬಿ ಇಳಿದು, ಕಾಳು ಮುಟ್ಟದೆ ಅವನನ್ನೇ ನೋಡಿತು.

“ತಿನ್ನವ್ವಾ” ಎಂದ ಸಂಗಮನಾಥ ಮೆಲ್ಲಗೆ, “ಇಲ್ಲಿ ನನಗ ಡ್ಯೂಟಿ ಇಲ್ಲ.”