ಸುಗುಣಳ ಚೀಟಿ ನನ್ನ ಕೈಗೆ ಬಂದದ್ದು

ಮಹಡಿಯ ಮೇಲೆ ಹಳೆಯ ಮೊರದಲ್ಲಿ ಕಿತ್ತಳೆ ಸಿಪ್ಪೆ ಒಣಗಲು ಹಾಕಿದ್ದೇನೆ. ಬೆಳಿಗ್ಗೆ ಬಟ್ಟೆ ಹರವಲು ಹೋದಾಗ ಎಳೆಬಿಸಿಲಿಗೆ ಅದರ ವಾಸನೆ ಎದ್ದಿತ್ತು. ಪಕ್ಕದ ಮನೆಯಾಕೆ ತಮ್ಮ ಟೆರೇಸಿನಿಂದಲೇ ಮೂಗು ಅರಳಿಸಿ, "ಶುರುವಾಯ್ತಾ ನಿಮ್ಮ ಹಬ್ಬ? ಕೇಕು ಕೊಡೋದು ಮರೀಬೇಡಿ ಕಣ್ರೀ" ಎಂದರು. ಶುರುವಾಯಿತು ಎಂದೆ. ಏನು ಶುರುವಾಯಿತು ಎಂದು ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಕ್ರಿಸ್ಮಸ್ಸಿಗೆ ನಾಲ್ಕು ವಾರ ಮುಂಚಿನಿಂದ ನಮಗೆ ಆಗಮನ ಕಾಲ. ಮನೆ ಗುಡಿಸಿದ ಹಾಗೆ ಮನಸ್ಸನ್ನೂ ಗುಡಿಸಿ, ಬರುವ ಕೂಸಿಗೆ ಜಾಗ ಮಾಡಿಕೊಡಬೇಕಾದ ದಿನಗಳು. ಬೇರೆ ಹೆಂಗಸರು ಗುಡಿಸುತ್ತಾರೆ. ನನಗೆ ಮಾತ್ರ ಕಿತ್ತಳೆ ಸಿಪ್ಪೆಯ ವಾಸನೆ ಬಂದ ಕೂಡಲೇ ಒಳಗಿನ ಹೊಟ್ಟೆಕಿಚ್ಚು ಮೈಮುರಿದು ಎದ್ದು ಕೂರುತ್ತದೆ. ಇದು ಇವತ್ತಿನದಲ್ಲ, ಬಹಳ ವರ್ಷದ್ದು.

ನಮ್ಮ ಚರ್ಚಿನ ಸಭೆಯ ಮಹಿಳಾ ಕೂಟದಲ್ಲಿ ಒಂದು ಪದ್ಧತಿ ಇದೆ. ಆಗಮನ ಕಾಲದ ಮೊದಲ ಶನಿವಾರ ನಮ್ಮೆಲ್ಲರ ಹೆಸರನ್ನೂ ಚೀಟಿಯಲ್ಲಿ ಬರೆದು ಸ್ಟೀಲಿನ ಡಬ್ಬಿಗೆ ಹಾಕಿ ಕುಲುಕುತ್ತಾರೆ. ಒಬ್ಬೊಬ್ಬರೂ ಒಂದು ಚೀಟಿ ಎತ್ತಬೇಕು. ಯಾರ ಹೆಸರು ಬರುತ್ತದೋ ಅವಳಿಗಾಗಿ ದಿನವೂ ಮೊಣಕಾಲೂರಿ ಪ್ರಾರ್ಥಿಸಬೇಕು, ಅವಳಿಗೆ ಗೊತ್ತಾಗಬಾರದು. ಹಬ್ಬಕ್ಕೆ ಮುಂಚಿನ ಶನಿವಾರ ಎಲ್ಲರೆದುರು ಎದ್ದುನಿಂತು, ಇಂಥವರಿಗಾಗಿ ಇಂಥದ್ದನ್ನು ಕೇಳಿಕೊಂಡೆ ಎಂದು ಹೇಳಿ, ಕೈಯಾರೆ ಮಾಡಿದ ಏನಾದರೊಂದನ್ನು ಅವಳಿಗೆ ಕೊಡಬೇಕು. ಚೀಟಿಯನ್ನು ಬದಲಾಯಿಸಿಕೊಳ್ಳುವ ಹಾಗಿಲ್ಲ. ಅದು ದೇವರೇ ಎತ್ತಿಕೊಟ್ಟದ್ದು ಎಂದು ಕೂಟದ ಹಿರಿಯರಾದ ಗ್ರೇಸಮ್ಮ ಟೀಚರ್ ಹೇಳುತ್ತಾರೆ. ಟೀಚರ್ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರೆದುರು ನಮ್ಮಲ್ಲಿ ಯಾರಿಗೂ ಎರಡನೇ ಮಾತು ಹೊರಡುವುದಿಲ್ಲ.

ನಾನು ಹೇಳಹೊರಟಿರುವ ಕಾಲಕ್ಕೆ ನನ್ನ ಮದುವೆಯಾಗಿ ಹಲವು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಸರಸ್ವತಿಪುರಂನಲ್ಲಿ ಇದೇ ಮನೆ, ಮಾತು ಕಡಿಮೆಯ ಗಂಡ, ಕೆಳಗಿನ ಟ್ಯುಟೋರಿಯಲ್ಲಿಗೆ ಬರುವ ಊರಿನವರ ಮಕ್ಕಳ ಗದ್ದಲ. ಡಾಕ್ಟರು ಇಬ್ಬರಲ್ಲೂ ಏನೂ ತೊಂದರೆಯಿಲ್ಲ ಎಂದುಬಿಟ್ಟಿದ್ದರು. ತೊಂದರೆ ಇದ್ದರೆ ಮಾತ್ರೆ ನುಂಗಬಹುದು, ಇಲ್ಲದ ತೊಂದರೆಗೆ ಏನು ನುಂಗುವುದು? ಕೂಟದ ಹೆಂಗಸರ ಹತ್ತಿರ ಒಂದೇ ಔಷಧಿ ಇತ್ತು. "ಎಲ್ಲಕ್ಕೂ ದೇವರ ಸಮಯ ಅಂತ ಒಂದಿರುತ್ತೆ ಕಣಮ್ಮ." ಈ ಮಾತು ಹೇಳುವವರ ಸೊಂಟದ ಮೇಲೆ ಸಾಮಾನ್ಯವಾಗಿ ಒಂದು ಮಗು ಕೂತಿರುತ್ತಿತ್ತು. ಮುಪ್ಪಿನಲ್ಲಿ ಹೆತ್ತ ಬೈಬಲಿನ ಹೆಂಗಸರ ಕಥೆಯನ್ನು ನನಗೆ ಹೇಳದ ಬೋಧಕರಿಲ್ಲ. ತೊಂಬತ್ತನೇ ವಯಸ್ಸಿನಲ್ಲಿ ಹೆತ್ತರೆ ಮಗುವನ್ನು ಸ್ಕೂಲಿಗೆ ಬಿಟ್ಟುಬರುವವರು ಯಾರು ಎಂದು ಒಮ್ಮೆ ಕೂಟದಲ್ಲೇ ಕೇಳಿದೆ. ಟೀಚರ್ ಕನ್ನಡಕದ ಮೇಲಿನಿಂದ ನೋಡಿದರು. ನಾನು ಕೀರ್ತನೆ ಪುಸ್ತಕ ತಿರುವತೊಡಗಿದೆ.

ಸುಗುಣ ನಮ್ಮ ಸಭೆಗೆ ಸೊಸೆಯಾಗಿ ಬಂದವಳು. ಹುಣಸೂರಿನ ಕಡೆಯ ಹುಡುಗಿ, ನನಗಿಂತ ಹತ್ತು ವರ್ಷವಾದರೂ ಚಿಕ್ಕವಳು. ಎರಡು ರಸ್ತೆ ಆಚೆ ಅವರ ಮನೆ. ಮೊದಲ ದಿನವೇ ನನ್ನನ್ನು ಅಕ್ಕ ಎಂದಳು, ನಾನೂ ಕರಗಿ ನೀರಾಗಿ ಒಳಗೆ ಕರೆದು ಕಾಫಿ ಕೊಟ್ಟೆ. ಮರುವರ್ಷದ ಆಗಮನ ಕಾಲಕ್ಕೆ ಅವಳು ತುಂಬಿದ ಬಸುರಿ. ಅದಕ್ಕಾಗಿ ಅವಳು ಪ್ರಾರ್ಥಿಸಿಯೂ ಇರಲಿಲ್ಲ. "ಇಷ್ಟು ಬೇಗ ಬೇಡ ಅಂದ್ಕೊಂಡಿದ್ವಿ ಅಕ್ಕ, ಆಗೋಯ್ತು" ಎಂದು ನನ್ನ ಅಡುಗೆಕಟ್ಟೆಗೆ ಒರಗಿಕೊಂಡು ಹೇಳಿದಳು. ಆಗೋಯ್ತಂತೆ. ಒಲೆಯ ಮೇಲಿನ ಹಾಲು ಉಕ್ಕಿಹೋದ ಸುದ್ದಿಯ ಹಾಗೆ ಹೇಳಿದಳು ಮಹಾರಾಯ್ತಿ. ನನ್ನ ಮಾವಿನಕಾಯಿ ಉಪ್ಪಿನಕಾಯಿಯನ್ನು ಕೇಳಿ ಕೇಳಿ ತಿಂದು, ಆಮೇಲೆ ಎದೆ ಉರಿ ಎನ್ನುತ್ತಿದ್ದಳು. ಅವಳಿಗೆ ಎದೆಯುರಿ, ನನಗೆ ಹೊಟ್ಟೆಯುರಿ. ಇಬ್ಬರೂ ಎದುರುಬದುರು ಕೂತು ಮಜ್ಜಿಗೆ ಕುಡಿಯುತ್ತಿದ್ದೆವು.

ಆ ವರ್ಷ ಡಬ್ಬಿಗೆ ಕೈ ಹಾಕಿ ನಾನು ಎತ್ತಿದ ಚೀಟಿಯಲ್ಲಿ ಇದ್ದದ್ದು ಅವಳದೇ ಹೆಸರು.

ಚೀಟಿಯನ್ನು ಮಡಿಸಿ ಬ್ಲೌಸಿನೊಳಗೆ ಇಟ್ಟುಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ದೇವರ ಜೊತೆ ಜಗಳ. ಕೂಟದಲ್ಲಿ ಅಷ್ಟು ಜನ ಇದ್ದರಲ್ಲ, ಸಂಧಿವಾತದವರು, ಮಗಳ ಮದುವೆ ನಿಂತವರು, ಕುಡುಕ ಗಂಡನ ಕಾಟದವರು, ಅವರಿಗಾದರೆ ನಾನು ಅತ್ತು ಪ್ರಾರ್ಥಿಸುತ್ತಿರಲಿಲ್ಲವೇ? ಎಲ್ಲ ಪಡೆದವಳಿಗೇ ಇನ್ನೂ ಕೊಡು ಎಂದು ನಾನೇ ಕೇಳಬೇಕೇ? ಆದರೂ ಪದ್ಧತಿ ಪದ್ಧತಿಯೇ. ಸಂಜೆ ಅಡುಗೆಮನೆಯಲ್ಲಿ ಮೊಣಕಾಲೂರಿ, "ಸುಗುಣಳಿಗೂ ಅವಳ ಮಗುವಿಗೂ ಕ್ಷೇಮ ಕೊಡು, ಆಮೆನ್" ಎಂದು ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದ ಹಾಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಆಮೇಲೆ ನನ್ನದು ಶುರು. ನನ್ನದಕ್ಕೆ ಕುಕ್ಕರ್ ಎಷ್ಟು ಸಲ ಕೂಗಿದರೂ ಸಾಲದು.

ಎರಡನೇ ವಾರ ಸುಗುಣ ಡಾಕ್ಟರ ಹತ್ತಿರ ಹೋಗಿಬಂದು ನೇರ ನಮ್ಮ ಮನೆಗೆ ಬಂದಳು. ಮಗು ಅಡ್ಡ ತಿರುಗಿಕೊಂಡಿದೆ, ಹೀಗೇ ಇದ್ದರೆ ಆಪರೇಷನ್ ಎಂದರಂತೆ. "ಭಯ ಆಗ್ತಿದೆ ಅಕ್ಕ" ಎಂದು ನನ್ನ ಕೈಹಿಡಿದುಕೊಂಡಳು. ದೃಷ್ಟಿ ತಾಕುತ್ತದೆ ಎಂದು ನಾವು ನಂಬಬಾರದು. ಮೆಣಸಿನಕಾಯಿ ನಿವಾಳಿಸಬಾರದು, ನಿಂಬೆಹಣ್ಣು ಕಟ್ಟಬಾರದು, ಭಾನುವಾರದ ಶಾಲೆಯಿಂದಲೂ ಹೇಳಿಸಿಕೊಂಡೇ ಬೆಳೆದಿದ್ದೇವೆ. ಆದರೆ ನಾನು ಹುಟ್ಟಿದ್ದು ಈ ಊರಿನಲ್ಲಿ, ಸುತ್ತ ಎಲ್ಲ ಬಾಗಿಲಿಗೂ ನಿಂಬೆಹಣ್ಣು ಕಟ್ಟುವ ಬೀದಿಗಳಲ್ಲಿ. ಆ ಮಗು ಅಡ್ಡ ತಿರುಗಿದ್ದು ನನ್ನ ಕಣ್ಣಿಗೇ ಎಂದು ನನಗೆ ಖಂಡಿತವಾಗಿ ಅನ್ನಿಸಿತು.

ಅವತ್ತಿನಿಂದ ಪ್ರಾರ್ಥಿಸಿದೆ ನೋಡಿ. ನನ್ನದು ಪಕ್ಕಕ್ಕಿರಲಿ ಸ್ವಾಮಿ, ಆ ಮಗುವನ್ನು ಸರಿಯಾಗಿ ತಿರುಗಿಸು, ಅವಳಿಗೆ ಕಷ್ಟ ಕೊಡಬೇಡ, ಬೇಗ ಮುಗಿಸು ಎಂದು ಬೆವರು ಕಿತ್ತುಬರುವ ಹಾಗೆ ಕೇಳಿಕೊಂಡೆ. ಪ್ರೀತಿಯಿಂದ ಅಲ್ಲ, ಭಯದಿಂದ. ಪ್ರಾರ್ಥಿಸುವಾಗಲೂ ಹೊಟ್ಟೆಕಿಚ್ಚು ನನ್ನ ಪಕ್ಕದಲ್ಲೇ ಮೊಣಕಾಲೂರಿಕೊಂಡಿತ್ತು.

ಹಬ್ಬಕ್ಕೆ ಮುಂಚಿನ ಶನಿವಾರ ಕೂಟಕ್ಕೆ ಹೋದಾಗ ಸುಗುಣ ಬಂದಿರಲಿಲ್ಲ. ಅವಳ ಅತ್ತೆಯಿಂದ ಫೋನು ಬಂದಿತ್ತು. ಮಗು ತಾನಾಗಿ ತಿರುಗಿಕೊಂಡು, ಬೆಳಗಿನ ಜಾವ ಸುಸೂತ್ರವಾಗಿ ಹೆರಿಗೆಯಾಗಿದೆ, ಹೆಣ್ಣು ಕೂಸು. ಎಲ್ಲರೂ ಸ್ತೋತ್ರ ಹೇಳಿದರು. ಟೀಚರ್, "ಸುಗುಣಳ ಚೀಟಿ ಯಾರಿಗೆ ಬಂದಿತ್ತು? ಎದ್ದು ನಿಲ್ಲಿ" ಎಂದರು. ಎದ್ದೆ. ಅದು ನಾನೆಂದು ಯಾರೂ ಎಣಿಸಿರಲಿಲ್ಲ.

"ಏನು ಕೇಳ್ಕೊಂಡೆಯಮ್ಮ?" ಎಂದರು ಟೀಚರ್.

"ಮಗು ತಿರುಗಲಿ, ಹೆರಿಗೆ ಸುಲಭವಾಗಲಿ, ಬೇಗ ಆಗಲಿ ಅಂತ."

ಕೇಳಿದ್ದು ಕೇಳಿದ ಹಾಗೇ ಆಗಿತ್ತಲ್ಲ, ಅಲ್ಲಿಂದ ನನ್ನ ಹೆಸರು ಹಬ್ಬಿತು. ಅವರ ಪ್ರಾರ್ಥನೆ ಮೇಲಕ್ಕೆ ಮುಟ್ಟುತ್ತೆ ಕಣ್ರೀ ಎಂದು ಹೆಂಗಸರು ಪಿಸುಗುಟ್ಟಿದರು. ಆಮೇಲಿನ ವರ್ಷಗಳಲ್ಲಿ ಚೀಟಿ ಯಾರಿಗೇ ಬರಲಿ, ಬಸುರಿಯರು ಮಾತ್ರ ನನ್ನ ಮನೆಗೇ ಬಂದು ಕೂರತೊಡಗಿದರು. ಲಕ್ಷ್ಮೀಪುರಂನಿಂದ ಒಬ್ಬಾಕೆ ಆಟೋ ಮಾಡಿಕೊಂಡು, ಅವಳಿ ಮಕ್ಕಳ ಸ್ಕ್ಯಾನಿನ ಫಿಲಂ ಸಮೇತ ಬಂದಿದ್ದಳು. ನಾನು ಯಾರಿಗೂ ಇಲ್ಲವೆನ್ನಲಿಲ್ಲ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದೆ, ಒಬ್ಬೊಬ್ಬರಿಗೂ ಸುಖಪ್ರಸವವಾಗುತ್ತಿತ್ತು, ಒಬ್ಬೊಬ್ಬರ ಮೇಲೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಊರಿಗೆಲ್ಲ ಹೋಳಿಗೆ ಬಡಿಸಿ ಬಂದವಳ ಎಲೆಗೆ ಉಪ್ಪು ಮಾತ್ರ. ನನ್ನ ದನಿ ದೇವರಿಗೆ ಚೆನ್ನಾಗಿಯೇ ಕೇಳುತ್ತದೆ ಎಂದು ಆಗ ಗೊತ್ತಾಯಿತು, ಅದೇ ಹೆಚ್ಚು ನೋಯಿಸಿದ್ದು. ಕೇಳಿಸುವುದೇ ಇಲ್ಲ ಎಂದಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಸುಗುಣ ಅಷ್ಟರಲ್ಲಿ ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಸಿ ಹೋದಳು. ಅದಕ್ಕೂ ಸ್ವಲ್ಪ ಕಿಚ್ಚು ಪಟ್ಟೆ, ಸುಳ್ಳು ಯಾಕೆ ಹೇಳಲಿ. ಆದರೆ ವಾರಕ್ಕೊಮ್ಮೆ ಕೂಟಕ್ಕೂ ನಮ್ಮ ಮನೆಗೂ ಬರುವುದನ್ನು ಬಿಡಲಿಲ್ಲ. ಅವಳ ಮಗಳು ನನ್ನನ್ನು ದೊಡ್ಡಮ್ಮ ಎನ್ನುತ್ತಾಳೆ. ಬಾಗಿಲಲ್ಲೇ ಚಪ್ಪಲಿ ಎಸೆದು, ಒಳಗೆ ಬಂದು ನನ್ನ ಡಬ್ಬಗಳನ್ನೆಲ್ಲ ತೆರೆದು ನೋಡುವ ಅಧಿಕಾರ ಅವಳೊಬ್ಬಳಿಗೇ. ಅವಳು ವಾಪಸು ಹೊರಟ ಮೇಲೆ ನಾನು ಆ ಡಬ್ಬಗಳ ಮುಚ್ಚಳಗಳನ್ನು ಒಂದೊಂದಾಗಿ ಹಾಕುತ್ತೇನೆ.

ಮೂರ್ನಾಲ್ಕು ವರ್ಷದ ಕೆಳಗೆ ನಡೆದದ್ದನ್ನೂ ಹೇಳಿಬಿಡುತ್ತೇನೆ. ಆ ಸಲ ನನ್ನ ಚೀಟಿ ಗ್ರೇಸಮ್ಮ ಟೀಚರಿಗೇ ಹೋಗಿತ್ತು. ಕೊನೆಯ ಶನಿವಾರ ಅವರು ಕೋಲೂರಿಕೊಂಡು ಎದ್ದು, ತಾವೇ ಹೆಣೆದ ಉಲ್ಲನ್ ಶಾಲನ್ನು ನನ್ನ ಹೆಗಲಿಗೆ ಹೊದಿಸಿ, "ನಿನ್ನ ಮೊಣಕಾಲು ನೋವು ವಾಸಿಯಾಗಲಿ ಅಂತ ದಿನಾ ಕೇಳ್ಕೊಂಡೆ ಕಣಮ್ಮ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ದೇವರ ಸಮಯದ ಮಾತನ್ನು ನನಗೆ ಮೊಟ್ಟಮೊದಲು ಹೇಳಿದವರು ಅವರು. ಅವರೇ ಈಗ ಮಗುವಿನ ಮಾತು ಬಿಟ್ಟು ಮೊಣಕಾಲಿಗೆ ಬಂದಿದ್ದರು. ನನ್ನ ವಿಷಯವನ್ನು ಕೂಟ ಯಾವಾಗಲೋ ಕೈಬಿಟ್ಟಿತ್ತು, ನನಗೊಂದು ಮಾತು ಹೇಳದೆ ಕೈಬಿಟ್ಟಿತ್ತು. ಹಿಂದಿನ ವರ್ಷ ನನಗಾಗಿ ಯಾರು ಏನು ಕೇಳಿದ್ದರು ಎಂದು ನೆನೆಸಿಕೊಂಡೆ. ಬಿ.ಪಿ. ಅದರ ಹಿಂದಿನ ವರ್ಷ ಮನಶ್ಶಾಂತಿ. ಮನೆಗೆ ಬಂದು ಗಂಡನಿಗೆ ಹೇಳಿದರೆ, "ಪಾಪ, ಒಳ್ಳೇದಕ್ಕೇ ಕೇಳಿದಾರಲ್ವಾ" ಎಂದರು. ಫೆಬ್ರುವರಿ ಹೊತ್ತಿಗೆ ಮೊಣಕಾಲು ನೋವು ನಿಜವಾಗಿಯೂ ಹೋಯಿತು. ಅದಕ್ಕೂ ಅತ್ತುಬಿಟ್ಟೆ.

ಮೊನ್ನೆ ಶನಿವಾರ ಸುಗುಣ ಬಂದಿದ್ದಳು. ಕೇಕಿಗೆ ದ್ರಾಕ್ಷಿ, ಖರ್ಜೂರ, ಚೆರ್ರಿ ಹೆಚ್ಚಿ ನೆನೆಹಾಕುವುದು ಪ್ರತಿವರ್ಷವೂ ನಾವಿಬ್ಬರೂ ಸೇರಿ. ಮಗಳಿಗೆ ಈಗ ಪಿಯುಸಿ, ಅಮ್ಮನಿಗಿಂತ ಎತ್ತರ, ಈ ಹುಡುಗಿಗೆ ಚಪ್ಪಲಿ ಸೈಜು ಸಿಗುವುದಿಲ್ಲ ಎಂದು ಸುಗುಣ ಹೇಳುತ್ತಲೇ ಇದ್ದಳು. ನನಗೆ ಏನನ್ನಿಸಿತೋ, ಖರ್ಜೂರದ ಬೀಜ ತೆಗೆಯುತ್ತಾ ಹೇಳಿಬಿಟ್ಟೆ. "ನಂದು ಮುಟ್ಟು ನಿಂತೋಗಿ ವರ್ಷ ಆಯ್ತು ಕಣೆ ಸುಗುಣ. ಇನ್ನು ಮುಗೀತು ಅಂದ್ರು ಡಾಕ್ಟರು."

ಅವಳ ಚಾಕು ನಿಂತಿತು. "ನನಗ್ಯಾಕೆ ಹೇಳ್ಲಿಲ್ಲ ಅಕ್ಕ?"

"ಹೇಳೋಕೇನು, ಸಂತೋಷದ ಸುದ್ದಿನಾ?"

"ಅಂಗಲ್ಲ. ನಾನು ಈ ವರ್ಷಾನೂ ಕೇಳ್ತಾನೇ ಇದ್ನಲ್ಲ."

"ಏನನ್ನ?"

"ನಿಮಗೊಂದು ಮಗು ಕೊಡು ಅಂತ. ಯಾರ ಚೀಟಿ ಬಂದ್ರೂ ಮೊದ್ಲು ಅವರದ್ದು ಮುಗಿಸ್ಕೊಂಡು, ಆಮೇಲೆ ನಿಮ್ದು. ನನ್ನ ಮಗಳು ಹುಟ್ಟಿದಾಗಿಂದ."

ನನಗೆ ಮೊದಲು ಬಂದದ್ದು ಸಿಟ್ಟು. ಎಲ್ಲರೂ ಬಿಟ್ಟರು, ಒಬ್ಬರೂ ಕೇಳುತ್ತಿಲ್ಲ ಎಂದು ಹಲ್ಲುಕಚ್ಚಿಕೊಂಡು ಕೂತಿದ್ದೆನಲ್ಲ, ಕೇಳುತ್ತಿದ್ದವಳು ಇವಳು, ಇವಳೇ ಆಗಬೇಕೇ? ನಾನು ಇವಳಿಗಾಗಿ ಪ್ರಾರ್ಥಿಸಿದ್ದು ಒಂದೇ ಒಂದು ಆಗಮನ ಕಾಲ, ಅದೂ ಹೆದರಿಕೊಂಡು. ಇವಳು ನನಗಾಗಿ ಬಾಯಿಬಿಡದೆ ಇಷ್ಟು ವರ್ಷ. ಪ್ರಾರ್ಥನೆಯಲ್ಲಾದರೂ ನಾನೇ ಮೇಲು ಎಂದುಕೊಂಡಿದ್ದೆ, ಅದರಲ್ಲೂ ಮೀರಿಸಿಬಿಟ್ಟಳು. ಅದಕ್ಕೂ ಹೊಟ್ಟೆ ಉರಿಯಿತು ಎಂದರೆ ನೀವು ನಗಬೇಡಿ.

"ನಿಲ್ಸು ಇನ್ನ" ಎಂದೆ.

"ಅಂಗಾದ್ರೆ ನಿಮಗೇನು ಕೇಳ್ಲಿ? ನೀವೇ ಹೇಳಿ."

"ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು ಕಣೆ. ನೀನು ಬಸ್ರಿಯಾದಾಗಿಂದ. ಅದು ಹೋಗ್ಲಿ ಅಂತ ಕೇಳ್ಕೊ."

ಅವಳು ತಲೆ ಎತ್ತಲಿಲ್ಲ. ಹೆಚ್ಚಿದ ಚೆರ್ರಿಯನ್ನು ಬಟ್ಟಲಿಗೆ ತಳ್ಳುತ್ತಾ, "ಅದನ್ನೂ ಕೇಳ್ತಾನೇ ಬಂದಿದೀನಿ ಅಕ್ಕ. ಎರಡೂ ಆಗ್ಲಿಲ್ಲ ನೋಡಿ" ಎಂದಳು.

ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ, ಒಳಗಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದ ನನ್ನ ಗಂಡ ಏನಾಯಿತೆಂದು ಎದ್ದು ಬಂದರು. ಅವರನ್ನು ವಾಪಸು ಕಳಿಸಿ, ಸೆರಗಿನಿಂದ ಕಣ್ಣು ಮೂಗು ಒರೆಸಿಕೊಂಡೆ. ಆಮೇಲೆ, ಇಷ್ಟು ವರ್ಷ ದೇವರ ಹತ್ತಿರವೂ ಆಡದ ಮಾತನ್ನು ಅವಳ ಹತ್ತಿರ ಆಡಿದೆ.

"ಮೊದಲನೇದನ್ನ ಬುಟ್ಬುಡು ಸುಗುಣ. ಎರಡನೇದು ಕೇಳ್ತಿರು. ಅದಕ್ಕೆ ನಂಗಿನ್ನೂ ವಯಸ್ಸು ಮೀರಿಲ್ಲ."