ನಾಲ್ಕು ತಿಂಗಳ ರಕ್ತ

ನಾದಿನಿಗೆ ಹೆರಿಗೆಯಾದ ದಿನ ಆದೋನಿಯ ಆಸ್ಪತ್ರೆಯ ವರಾಂಡದಲ್ಲಿ ನಾನು ಎಷ್ಟು ಸಲ ಕೂತೆನೋ, ಎಷ್ಟು ಸಲ ಎದ್ದೆನೋ. ಮಗು ಚೆನ್ನಾಗಿತ್ತು. ತಾಯಿಗೆ ಮಾತ್ರ ರಕ್ತ ಬಹಳ ಹೋಗಿತ್ತು. ಈಗ ನಿಂತಿದೆ, ಆದರೆ ಹೋದದ್ದನ್ನು ತುಂಬದಿದ್ದರೆ ಸಂಜೆಯವರೆಗೆ ಜೀವ ತಡೆಯುವುದು ಕಷ್ಟ ಎಂದರು ಡಾಕ್ಟರಮ್ಮ. ಒಳಗೆ ಹೋಗಿ ಅವಳ ಬೆರಳಿನ ಉಗುರನ್ನು ಒತ್ತಿ ಬಿಟ್ಟೆ. ಬೆಳ್ಳಗೇ ಉಳಿಯಿತು. ನನ್ನದನ್ನು ಒತ್ತಿ ಬಿಟ್ಟೆ, ಕೂಡಲೇ ಕೆಂಪಾಯಿತು. ಮತ್ತೆ ಅವಳದನ್ನು ಒತ್ತಿದೆ.

ರಕ್ತ ಯಾರು ಕೊಡುತ್ತೀರಿ ಎಂದು ಕೇಳಿದಾಗ ಮೊದಲು ಕೈ ಚಾಚಿದವಳು ನಾನೇ. ಮದುವೆಗೆ ಮುಂಚೆ ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದ್ದೆ. ಅಲ್ಲಿ ಸಿಸ್ಟರೊಬ್ಬರು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ರಕ್ತದ ಪಾಠ ಮಾಡಿದ್ದರು. ಉಸಿರನ್ನು ಮೈತುಂಬ ಹೊತ್ತು ತಿರುಗುವ ಕೆಂಪು ಕಣಗಳು, ರೋಗದೊಡನೆ ಕಾದಾಡುವ ಬಿಳಿ ಕಣಗಳು, ಗಾಯದ ಬಾಯಿ ಮುಚ್ಚುವ ಚೂರುಗಳು, ಇವೆಲ್ಲವನ್ನೂ ತೇಲಿಸಿಕೊಂಡು ಹೋಗುವ ಹಳದಿ ನೀರು. ಕೊನೆಗೆ ಅವರು, ದೇವರ ಮುಂದೆ ಎಲ್ಲರ ರಕ್ತವೂ ಒಂದೇ ಎಂದೂ ಸೇರಿಸಿದ್ದರು. ಅದೂ ಪಾಠದಲ್ಲಿದ್ದದ್ದೇ ಎಂದುಕೊಂಡು ಅತ್ತೆಯ ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೆ.

ಗಾಜಿನ ಪಟ್ಟಿಯ ಮೇಲೆ ನನ್ನ ರಕ್ತದ ಹನಿಯನ್ನೂ ನಾದಿನಿಯ ರಕ್ತದ ತಿಳಿನೀರನ್ನೂ ಬೆರೆಸಿದರು. ನೋಡುತ್ತಿದ್ದ ಹಾಗೆಯೇ ಅದು ಒಡೆದ ಹಾಲಿನಂತೆ ಕಾಳುಕಾಳಾಯಿತು. ನನ್ನ ಯಜಮಾನರದ್ದು, ಅವಳ ಒಡಹುಟ್ಟಿದ ಅಣ್ಣನದ್ದು, ಅದೂ ಹಾಗೇ ಆಯಿತು. ಅತ್ತೆ ನನ್ನ ಕಡೆ ತಿರುಗಿ, "ಎಲ್ಲಾರ ರಕ್ತ ಒಂದೇ ಅಂತಿದ್ದಿ. ಈಗೇನಂತೀ, ಸಿಸ್ಟರಮ್ಮ?" ಎಂದರು.

ಅವರ ಭಯ ಬೇರೆಯೇ ಇತ್ತು. ಮೇಜಿನ ಮೇಲೆ ಸಣ್ಣ ಗಾಜಿನ ಕೊಳವೆಯಲ್ಲಿ ಮಗಳ ರಕ್ತ ಇಟ್ಟಿದ್ದರು. ಕೆಂಪೆಲ್ಲ ಕೆಳಗೆ ಗಡ್ಡೆಕಟ್ಟಿ ಮೇಲೆ ತಿಳಿಹಳದಿ ನೀರು ನಿಂತಿತ್ತು. ಮಗಳ ರಕ್ತವೆಲ್ಲ ನೀರಾಗಿಬಿಟ್ಟಿದೆ ಎಂದು ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಯಾರ ರಕ್ತವನ್ನು ಹಿಡಿದಿಟ್ಟರೂ ಹೀಗೇ ಕಾಣುತ್ತದೆ, ಅರ್ಧಕ್ಕಿಂತ ಹೆಚ್ಚು ಅದೇ ನೀರು ಎಂದು ಹೇಳಿದೆ. ಆ ಹೊತ್ತಿಗೆ ನನ್ನ ಪಾಠವನ್ನು ಅವರು ನಂಬುವ ಹಾಗಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಕೌತಾಳದಿಂದ ನಾದಿನಿಯ ಗಂಡ ಬಂದರು. ಅವರು ನನ್ನ ಅತ್ತೆಯ ಸ್ವಂತ ತಮ್ಮ. ನಮ್ಮ ಕಡೆ ಅಕ್ಕನ ಮಗಳನ್ನು ತರುವುದು ವಾಡಿಕೆ. ನಾದಿನಿ ಮದುವೆಯಾದ ಮೇಲೂ ಅವರನ್ನು ಮಾಮ ಎಂದೇ ಕರೆಯುತ್ತಿದ್ದಳು. ಅವರ ಹನಿ ಕಾಳುಗಟ್ಟದೆ ನುಣ್ಣಗೆ ಬೆರೆಯಿತು. ನರ್ಸಮ್ಮ ಬಾಟಲಿ ತರಲು ಹೋದಳು. ಅವಳು ತಿರುಗಿ ಬರುವಷ್ಟರಲ್ಲಿ ಅವರು ಅಲ್ಲಿರಲಿಲ್ಲ.

ಹುಡುಕಿಕೊಂಡು ಹೋದರೆ ಆಸ್ಪತ್ರೆಯ ಹಿತ್ತಲಿನ ನಲ್ಲಿಯ ಹತ್ತಿರ ನಿಂತಿದ್ದರು. ಹತ್ತಿ ಬಿಡಿಸುವ ಜಿನ್ನು ಗಿರಣಿಯಿಂದ ಹಾರಿಬಂದ ಎಳೆಗಳು ಅವರ ರುಮಾಲಿನ ತುಂಬ ಹತ್ತಿದ್ದವು. ನನ್ನನ್ನು ನೋಡಿ ಹತ್ತಿರ ಕರೆದರು.

"ನೀ ಓದಿದಾಕಿ ಅದೀ ಯವ್ವಾ, ಒಂದು ಮಾತು ಹೇಳು. ನನ್ನ ರಕ್ತ ಆಕಿ ಮೈಯಾಗ ಹೋತಂದ್ರ, ಆಕಿ ನನಗ ಒಡಹುಟ್ಟಿದಾಕಿ ಆದಂಗಲ್ಲೇನು? ಆಮ್ಯಾಲ ಆಕಿ ಕೂಡ ಸಂಸಾರ ಹೆಂಗ ಮಾಡ್ಲಿ?"

ಹೆದರಿ ಓಡಿಬಂದವರ ಮುಖವಲ್ಲ ಅದು. ಅವರ ಲೆಕ್ಕದಲ್ಲಿ ಅಕ್ಕನ ಮಗಳೆಂದರೆ ಬೇರೆ ಮನೆತನದ ರಕ್ತ, ಅದಕ್ಕೆ ಅಡ್ಡಿಯಿಲ್ಲ. ಒಡಹುಟ್ಟಿನ ರಕ್ತವೆಂದರೆ ಪಾಪ. ನಾನು ನಗಲಿಲ್ಲ. ಒಳಗಿನ ಆ ಬೆಳ್ಳನೆಯ ಉಗುರು ಕಣ್ಣಿಗೆ ಕಟ್ಟಿತ್ತು. ವಾದ ಮಾಡುತ್ತ ನಿಂತರೆ ಸಂಜೆಯಾಗುತ್ತದೆ. ಪಾಠದಲ್ಲಿ ನೆನಪಿಗೆ ಬಂದದ್ದನ್ನು ಹೇಳಿಬಿಟ್ಟೆ: ಕೆಂಪು ಕಣಕ್ಕೆ ನಾಲ್ಕು ತಿಂಗಳಷ್ಟೇ ಆಯುಷ್ಯ, ಅಷ್ಟರಲ್ಲಿ ಅವಳ ಎಲುಬಿನೊಳಗೆ ಅವಳದೇ ಹೊಸ ರಕ್ತ ಹುಟ್ಟುತ್ತದೆ, ಆಮೇಲೆ ನಿಮ್ಮದು ಒಂದು ಹನಿಯೂ ಉಳಿಯುವುದಿಲ್ಲ.

"ನಾಕು ತಿಂಗಳು. ಪಕ್ಕಾ?"

"ಪಕ್ಕಾ ಮಾವ."

ಅವರು ರುಮಾಲು ತೆಗೆದು ನನ್ನ ಕೈಗೆ ಕೊಟ್ಟು ಒಳಗೆ ನಡೆದರು.

ಬಾಟಲಿ ತುಂಬಿತು. ನಾನು ಎಣಿಸಿಕೊಂಡದ್ದಕ್ಕಿಂತ ಕಪ್ಪಗಿತ್ತು ಅದು. ರಬ್ಬರ್ ನಳಿಗೆಯಲ್ಲಿ ಹನಿಹನಿಯಾಗಿ ಇಳಿಯುವುದನ್ನು ನೋಡುತ್ತ ಅವಳ ಉಗುರನ್ನು ಬಿಡದೆ ಒತ್ತುತ್ತಿದ್ದೆ. ಕೈ ತೆಗಿ ಎಂದು ನರ್ಸಮ್ಮ ಎರಡು ಸಲ ಗದರಿದಳು. ದೀಪ ಹಚ್ಚುವ ಹೊತ್ತಿಗೆ ಉಗುರಿನ ಬುಡದಲ್ಲಿ ತೆಳ್ಳಗೆ ಗುಲಾಬಿ ಬಣ್ಣ ಕಂಡಿತು. ನಾದಿನಿ ನೀರು ಕೇಳಿದಳು.

ಬಾಣಂತನಕ್ಕೆ ಅವಳು ನಮ್ಮ ಮನೆಯಲ್ಲೇ ಉಳಿದಳು. ಆದರೆ ಗಂಡ ಅವಳನ್ನು ನೋಡಲು ಬರಲಿಲ್ಲ. ಬಸ್ಸಿನವರ ಕೈಯಲ್ಲಿ ತುಪ್ಪ ಬಂತು, ಕೊಬ್ಬರಿ ಬಂತು, ತೊಟ್ಟಿಲಿಗೆ ಹೊಸ ಹಗ್ಗವೂ ಬಂತು. ಅವರು ಬಂದದ್ದು ತೊಟ್ಟಿಲಿಗಿಡುವ ದಿನ ಮಾತ್ರ, ಅಂದೂ ಅಂಗಳದಲ್ಲೇ ಕೂತು ಉಂಡು ಹೋದರು. ನಾದಿನಿ ಬಸ್ಸು ಬರುವ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬರುವಳು, ಒಳಗೆ ಹೋಗುವಳು, ಮತ್ತೆ ಬರುವಳು. ನನ್ನಲ್ಲಿ ಏನು ಕುಂದಾಯಿತು ಎಂದು ಒಂದು ದಿನ ಅತ್ತಳು.

ನನಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಜೀವ ಉಳಿಸಲೆಂದು ಹೇಳಿದ ನಾಲ್ಕು ತಿಂಗಳ ಮಾತು ಇವರಿಬ್ಬರ ನಡುವೆ ಗೋಡೆಯಾಗಿತ್ತು. ಅದೂ ಸರಿಯಾದ ಮಾತೋ ಅಲ್ಲವೋ. ಒಂದನ್ನು ಒಮ್ಮೆ ತಪ್ಪು ಕಲಿತವಳು ಇದನ್ನು ಸರಿ ಕಲಿತಿದ್ದೇನೆಂದು ಏನು ಖಾತ್ರಿ? ತವರಿನಿಂದ ಹಳೆಯ ಪುಸ್ತಕ ತರಿಸಿ ಹುಡುಕಿದೆ. ಆ ಹಾಳೆಗಳಿಗೆ ಗೆದ್ದಲು ಹಿಡಿದಿತ್ತು.

ಮೂರು ತಿಂಗಳು ಕಳೆದ ಮೇಲೆ ತಡೆಯಲಾರದೆ, ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ ಅವಳಿಗೆ ಎಲ್ಲ ಹೇಳಿದೆ. ಬೈಯಲಿ ಎಂದೇ ಹೇಳಿದೆ. ಅವಳು ಬೈಯಲಿಲ್ಲ. ಎಣ್ಣೆಗೈಯನ್ನು ಸೀರೆಗೆ ಒರೆಸಿಕೊಂಡು, ಮೊಣಕೈ ಮಡಿಕೆಯಲ್ಲಿ ಸೂಜಿ ಚುಚ್ಚಿದ್ದ ಜಾಗವನ್ನು ನೋಡಿಕೊಂಡಳು.

"ಹಂಗಾದ್ರ ಮಾಮ ಇನ್ನೂ ಒಂದು ತಿಂಗಳು ನನ್ನ ಮೈಯಾಗ ಅದಾನ, ಹೌದಲ್ಲ ಅತ್ತಿಗಿ?"

ಹೌದು ಎಂದೆ. ಈ ಸಲ ಪಕ್ಕಾ ಎನ್ನಲು ನಾಲಿಗೆ ಏಳಲಿಲ್ಲ. ಆ ಸಂಜೆ ಬಸ್ಸಿನ ಸದ್ದಾದಾಗ ಬಾಗಿಲಿಗೆ ಹೋದವಳು ನಾನು. ಅವಳು ಒಳಗೆ ಮಗುವಿಗೆ ಹಾಲು ಕೊಡುತ್ತ ಕೂತಿದ್ದಳು.