ನುಸ್ರತ್ ಬರೆದ ಎರಡು ಪುಟ

ಪ್ರಿಂಟರಿನ ಹಿಂದೆ ಬಿದ್ದಿದ್ದ ಕಾಗದಗಳನ್ನು ಮೊನ್ನೆ ಎಳೆದು ತೆಗೆದಾಗ ಹಳೆಯ ಉತ್ತರಪತ್ರಿಕೆಯೊಂದು ಸಿಕ್ಕಿತು. ಎರಡು ಪುಟ ಕನ್ನಡ, ಅದರ ತುಂಬ ಕೆಂಪು ಗೀಟುಗಳು. ಬರೆದವಳು ನುಸ್ರತ್, ಗೀಟು ಹಾಕಿದವನು ನಾನು. ಇಷ್ಟು ವರ್ಷದ ಮೇಲೂ ನೋಡಿ ಕಿವಿ ಬಿಸಿಯಾಯಿತು.

ನನ್ನನ್ನು ಕನ್ನಡ ಮೇಷ್ಟ್ರು ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಎಲ್ ಸೆಗುಂಡೋದಲ್ಲಿ ಎಂಜಿನಿಯರ್ ಆಗಿರುವ ಬೆಂಗಳೂರಿನವನು ನಾನು. ಲಾಸ್ ಏಂಜಲೀಸಿನ ಒಂದು ವಿಶ್ವವಿದ್ಯಾಲಯದಲ್ಲಿ ಪದವಿ ಬೇಕೆಂದರೆ ಇಂಗ್ಲಿಷಲ್ಲದೆ ಇನ್ನೊಂದು ಭಾಷೆ ಬರಬೇಕು. ಬರುವವರು ಪರೀಕ್ಷೆ ಕೊಟ್ಟು ತೋರಿಸಿದರೆ ಕ್ಲಾಸಿಗೆ ಕೂರಬೇಕಾಗಿಲ್ಲ. ಕನ್ನಡದ ಪರೀಕ್ಷೆ ಮಾಡುವವರು ಅಲ್ಲಿ ಇರಲಿಲ್ಲ. ಯಾರೋ ಯಾರಿಗೋ ಹೇಳಿ ಆ ಕೋರಿಕೆ ನನ್ನ ತನಕ ಬಂತು. ಹೈಸ್ಕೂಲಿನಲ್ಲಿ ಪ್ರಬಂಧಕ್ಕೆ ಬಹುಮಾನ ಪಡೆದ ಹಮ್ಮು ಅಷ್ಟು ವರ್ಷದಿಂದ ಕೆಲಸವಿಲ್ಲದೆ ಕೂತಿತ್ತು. ಕೂಡಲೇ ಒಪ್ಪಿಕೊಂಡೆ. ಇದಕ್ಕೆಂದೇ ಕೆಂಪು ಪೆನ್ನನ್ನೂ ಕೊಂಡು ತಂದೆ.

ಆಗ ಕೊರೊನಾ ಕಾಲ, ಎಲ್ಲವೂ ವಿಡಿಯೋದಲ್ಲೇ. ನುಸ್ರತ್ ಸ್ಯಾನ್ ಡಿಯಾಗೋ ಪಕ್ಕದ ಪೊವೇಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದಳು. ಮೈಸೂರಿನ ಮನೆತನ ಎಂದು ಅರ್ಜಿಯಲ್ಲಿತ್ತು.

“ನಮಸ್ಕಾರ್ರೀ ಅಂಕಲ್. ಆರಾಮ ಇದ್ದೀರೇನ್ರಿ?” ಎಂದಳು.

ನಾನು ಕಕ್ಕಾಬಿಕ್ಕಿ. “ಮೈಸೂರಿನವರು ಅಂತ ಬರ್ದಿದ್ಯಲ್ಲಮ್ಮಾ?”

“ಹೌದ್ರಿ. ಮನ್ಯಾಗ ಉರ್ದು ಮಾತಾಡ್ತೀವಿ. ಅಮ್ಮಿ ಸೊರೆಂಟೊ ವ್ಯಾಲಿಗೆ ಕೆಲಸಕ್ಕ ಹೋಗ್ತಿದ್ರು. ಸಾಲಿ ಬಿಟ್ಟ ಮ್ಯಾಲೆ ನಾ ಬಾಜೂ ಮನಿ ಶಾಂತಕ್ಕ ಆಂಟಿ ಹತ್ರ ಇರ್ತಿದ್ದೆ. ಅವ್ರು ಧಾರವಾಡದವ್ರು. ಅವ್ರೇ ಕಲಿಸ್ಯಾರ್ರಿ.”

ಮಾತಿನ ಪರೀಕ್ಷೆ ಸಲೀಸಾಗಿ ಮುಗಿಯಿತು. ಕೊನೆಗೆ ಅವಳು ಮೆಲ್ಲಗೆ ಹೇಳಿದ್ದು ಇಷ್ಟು: ಇದರಲ್ಲಿ ಪಾಸಾಗದಿದ್ದರೆ ಒಂದು ವರ್ಷ ಹೊಸ ಭಾಷೆಯ ಕ್ಲಾಸು, ನರ್ಸಿಂಗ್ ಕೋರ್ಸಿನಲ್ಲಿ ಸಿಕ್ಕಿರುವ ಸೀಟು ಅಲ್ಲಿಯವರೆಗೆ ಉಳಿಯುವುದಿಲ್ಲ.

ಬರವಣಿಗೆಗೆ ‘ಮರೆಯಲಾಗದ ಒಂದು ದಿನ’ ಎಂಬ ವಿಷಯ ಕೊಟ್ಟಿದ್ದೆ. ಅವಳು ಮಾತಾಡಿದಂತೆಯೇ ಬರೆದು ಕಳಿಸಿದಳು. ನನ್ನ ಪೆನ್ನಿಗೆ ಹಬ್ಬ. ‘ನನಗ’ ಹೊಡೆದು ‘ನನಗೆ’ ಮಾಡಿದೆ, ‘ಬಾಗಲಾ’ ಹೊಡೆದು ‘ಬಾಗಿಲು’ ಮಾಡಿದೆ. ಫಾರಂನಲ್ಲಿ ‘ತೃಪ್ತಿಕರವಾಗಿಲ್ಲ’ ಎಂಬಲ್ಲಿ ಗುರುತು ಹಾಕಿದೆ. ಕಳಿಸುವ ಮುಂಚೆ ತಪ್ಪುಗಳನ್ನು ವಿವರಿಸೋಣವೆಂದು ಅವಳಿಗೆ ಕರೆ ಮಾಡಿದೆ.

ಎಲ್ಲ ಕೇಳಿಸಿಕೊಂಡು ಅವಳು ಕೇಳಿದಳು, “ನಾ ಬರ್ದಿದ್ದು ನಿಮಗ ತಿಳೀಲಿಲ್ಲೇನ್ರಿ ಅಂಕಲ್?”

“ತಿಳೀತಮ್ಮಾ. ಆದ್ರೆ ಬರೆಯೋ ಕನ್ನಡ ಹೀಗಿರಲ್ಲ.”

“ಶಾಂತಕ್ಕ ಆಂಟಿ ತಂಗಿಗೆ ಹಿಂಗ ಪತ್ರ ಬರೀತಾರ್ರಿ. ಅದು ಕನ್ನಡ ಅಲ್ಲೇನ್ರಿ?”

ನಾಳೆ ಹೇಳುತ್ತೇನೆ ಎಂದು ಫೋನಿಟ್ಟೆ. ಬಳಿಕ ಆ ಎರಡು ಪುಟವನ್ನು ಗಟ್ಟಿಯಾಗಿ ಓದಿದೆ. ‘ಆಂಟಿಗೆ ಇಂಗ್ಲಿಷ್ ಬರ್ತಿರಲಿಲ್ಲ. ನನಗ ಆಗಿನ್ನೂ ಕನ್ನಡ ಬರ್ತಿರಲಿಲ್ಲ. ಅವರ ಮನಿ ಅಂಕಲ್ ತೀರಿಕೊಂಡ ಮರುದಿನ ಆಂಟಿ ಬಾಗಲಾ ತಗದ್ರು. ಏನ್ ಹೇಳಬೇಕು ತಿಳೀಲಿಲ್ಲ. ದಿನಾ ಅವರು ನನಗ ಹೇಳೂ ಮಾತು ಅಷ್ಟ ಗೊತ್ತಿತ್ತು. ಕೈ ಹಿಡಕೊಂಡು “ಊಟಾ ಮಾಡ್ರಿ” ಅಂದೆ. ಆಂಟಿ ಅತ್ತರು. ಆಮ್ಯಾಲೆ ಉಂಡರು.’

ಬಾಗಿಲನ್ನು ತಿದ್ದಿದ ನಾನು ಬಾಗಿಲಲ್ಲಿ ನಿಂತಿದ್ದ ಹೆಂಗಸನ್ನು ನೋಡಿಯೇ ಇರಲಿಲ್ಲ. ವಿಶ್ವವಿದ್ಯಾಲಯದವರು ಪರೀಕ್ಷಕರಿಗೆಂದು ಕಳಿಸಿದ್ದ ಸೂಚನೆಗಳನ್ನು ಆಗ ಮೊದಲ ಸಲ ಓದಿದೆ. ಅವರು ಕೇಳಿದ್ದು, ಬರೆದದ್ದು ಆ ಭಾಷೆಯವರಿಗೆ ತಿಳಿಯುತ್ತದೆಯೇ ಎಂದು ಮಾತ್ರ. ಹೊಸ ಫಾರಂ ತುಂಬಿ, ‘ತೃಪ್ತಿಕರ’ ಎಂದು ಗುರುತು ಹಾಕಿ ಕಳಿಸಿದೆ.

ಮರುದಿನ ನುಸ್ರತ್‌ಗೆ ಹೇಳಿದೆ: “ತಪ್ಪು ನಂದಮ್ಮಾ. ನೀನು ಪಾಸು.”

ಆ ಕಡೆಯಿಂದ “ಅಮ್ಮೀ!” ಎಂಬ ಕೂಗು, ಓಡಿದ ಹೆಜ್ಜೆಗಳ ಸಪ್ಪಳ.

ನುಸ್ರತ್ ಈಗ ಸ್ಯಾನ್ ಡಿಯಾಗೋದ ಆಸ್ಪತ್ರೆಯೊಂದರಲ್ಲಿ ನರ್ಸ್. ಕಳೆದ ವರ್ಷ ಅವಳ ಮನೆಯವರು ಊಟಕ್ಕೆ ಕರೆದಿದ್ದರು. ಶಾಂತಕ್ಕನವರೂ ಬಂದಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ನನ್ನ ಕನ್ನಡ ತಪ್ಪು ಅಂದವ್ರು ನೀವೇನ್ರಿ?” ಎಂದು ಗದರಿಸಿ, ಮರುಕ್ಷಣ ನಕ್ಕುಬಿಟ್ಟರು. ಅಂದಿನಿಂದ ಆ ಕಡೆ ಹೋದಾಗಲೆಲ್ಲ ಅವರನ್ನು ಕಂಡು ಬರುತ್ತೇನೆ. ನಾನು “ಹೊರಡ್ತೀನಿ” ಅಂದರೆ ಅವರು ಬಿಡುವುದಿಲ್ಲ. “‘ಹೊಂಟೀನಿ’ ಅನ್ರಿ, ಆಮ್ಯಾಲೆ ಹೋಗ್ರಿ.”

ಈ ಭಾನುವಾರ ಮತ್ತೆ ಪೊವೇಗೆ ಹೋಗುವುದಿದೆ. ನಿನ್ನೆ ಆಫೀಸಿನಿಂದ ಡ್ರೈವ್ ಮಾಡಿಕೊಂಡು ಬರುವಾಗ ಕಾರಿನಲ್ಲಿ ಒಬ್ಬನೇ ಜೋರಾಗಿ ಹೇಳಿ ನೋಡಿದೆ: ಹೊಂಟೀನಿ. ಹೊಂಟೀನ್ರಿ. ನಾಲಿಗೆ ಇನ್ನೂ ಸರಿಯಾಗಿ ಹೊರಳುತ್ತಿಲ್ಲ.